ಸ್ಟ್ರೆಂತ್ ಇದೆ, ಕ್ವಾಲಿಟಿ ಇಲ್ಲ

ಈ ಸಂಚಿಕೆಗೆ ಏನಾದ್ರೂ ಟೆಕ್ನಿಕಲ್ ಲೇಖನ ಕೊಡು, ಆದ್ರೆ ಕನ್ನಡದಲ್ಲೇ ಬರಿ ಅಂತ ಕ್ಲಬ್‌ನವರು ಕೇಳಿದಾಗ ನಾನು ಮೂರು ವಾರ ತಪ್ಪಿಸಿಕೊಂಡು ಓಡಾಡಿದೆ. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು ನಾನು. ಕನ್ನಡ ಮಾತಾಡೋಕೆ ಏನೂ ತೊಂದರೆ ಇಲ್ಲ. ಬರೆಯೋಕೆ ಕೂತ್ರೆ ಮಾತ್ರ ಲ ಎಲ್ಲಿ, ಳ ಎಲ್ಲಿ ಅನ್ನೋದು ಮರೆತುಹೋಗುತ್ತೆ. ತಪ್ಪಿದ್ದರೆ ಸಂಪಾದಕರು ತಿದ್ದಲಿ. ಈ ಲ-ಳ ಸಮಾಚಾರ ಮುಂದೆ ಇನ್ನೊಂದು ಸಲ ಬರುತ್ತೆ, ನೆನಪಿಟ್ಟುಕೊಳ್ಳಿ.

ನಾನು ಬರೀತಿರೋದು ನಮ್ಮ ನಾಲ್ಕನೇ ಸೆಮಿಸ್ಟರಿನ ಮಿನಿ ಪ್ರಾಜೆಕ್ಟ್ ಬಗ್ಗೆ. ಅದು ಮೊದಲ ಸಲ ತುಂಬಾ ಚೆನ್ನಾಗಿ ಕೆಲಸ ಮಾಡಿ ಫೇಲ್ ಆಯ್ತು. ಎರಡನೇ ಸಲ ಅರ್ಧಂಬರ್ಧ ಕೆಲಸ ಮಾಡಿ ಪಾಸಾಯ್ತು.

ನಮ್ಮದು ಮೂರು ಜನರ ಟೀಮು. ಗುಬ್ಬಿಯಿಂದ ಬರೋ ಹುಡುಗ ಒಬ್ಬ, ಹಾಸನದ ಹುಡುಗಿ ಒಬ್ಬಳು, ಕುಣಿಗಲ್‌ನವಳು ನಾನು. ಟಾಪಿಕ್ಕು ಫೇಸ್ ಶಿಫ್ಟ್ ಕೀಯಿಂಗ್, ಚಿಕ್ಕದಾಗಿ ಪಿಎಸ್‌ಕೆ. ಸಿಗ್ನಲ್ಲನ್ನ ಕಂಪ್ಯೂಟರಿನಲ್ಲಿ ಸಿಮ್ಯುಲೇಟ್ ಮಾಡಿ, ಅದರೊಳಗಿನ ಬಿಟ್‌ಗಳನ್ನ ವಾಪಸ್ ತೆಗೀಬೇಕು. ಸಾಫ್ಟ್‌ವೇರು ಗ್ನೂ ರೇಡಿಯೋ ಕಂಪ್ಯಾನಿಯನ್. ಲ್ಯಾಬ್‌ವ್ಯೂ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಲ್ಯಾಬ್‌ವ್ಯೂ 1986ರಲ್ಲೇ ಬಂದ ನ್ಯಾಷನಲ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಸಾಫ್ಟ್‌ವೇರು. ಗ್ನೂ ರೇಡಿಯೋ 2001ರಲ್ಲಿ ಶುರುವಾಗಿದ್ದು, ಯಾರು ಬೇಕಾದ್ರೂ ಬಿಟ್ಟಿಯಾಗಿ ಹಾಕಿಕೊಳ್ಳಬಹುದು. ಎರಡರಲ್ಲೂ ಸಾಲು ಸಾಲು ಕೋಡ್ ಟೈಪ್ ಮಾಡೋ ಬದಲು ಡಬ್ಬಗಳನ್ನ ಎಳೆದು ತಂದು ಜೋಡಿಸಿ, ಒಂದರಿಂದ ಇನ್ನೊಂದಕ್ಕೆ ವೈರ್ ಎಳೀತೀವಿ. ಗ್ನೂ ರೇಡಿಯೋದಲ್ಲಿ ನೀಲಿ ಪೋರ್ಟ್ ಅಂದ್ರೆ ಕಾಂಪ್ಲೆಕ್ಸ್ ನಂಬರ್, ಕಿತ್ತಳೆ ಅಂದ್ರೆ ಫ್ಲೋಟ್. ಬಣ್ಣ ಹೊಂದದೆ ಜೋಡಿಸಿದ್ರೆ ವೈರ್ ಕೆಂಪಾಗುತ್ತೆ. ಕೆಂಪು ಹೋಗಿ ಎಲ್ಲಾ ಕಪ್ಪಾದ್ರೆ ನಮಗೆ ಅರ್ಧ ಪ್ರಾಜೆಕ್ಟ್ ಮುಗಿದ ಖುಷಿ.

ಸಿವಿಲ್, ಮೆಕ್ಯಾನಿಕಲ್‌ನವರಿಗೆ ಪಿಎಸ್‌ಕೆ ಅಂದ್ರೆ ಏನು ಅಂತ ಒಂದು ಮಾತು ಹೇಳಿಬಿಡ್ತೀನಿ. ಒಂದೇ ಉದ್ದದ ಹಗ್ಗದ ಎರಡು ಜೋಕಾಲಿ ಇವೆ ಅಂದ್ಕೊಳ್ಳಿ. ಎರಡೂ ಅಷ್ಟೇ ಎತ್ತರ ಹೋಗ್ತವೆ, ಅಷ್ಟೇ ಹೊತ್ತಿಗೆ ವಾಪಸ್ ಬರ್ತವೆ. ಆದ್ರೆ ಒಂದು ಮುಂದೆ ಹೋಗ್ತಿರುವಾಗ ಇನ್ನೊಂದು ಹಿಂದೆ ಹೋಗ್ತಿದೆ. ಎತ್ತರ ಆಂಪ್ಲಿಟ್ಯೂಡ್, ತೂಗೋ ವೇಗ ಫ್ರೀಕ್ವೆನ್ಸಿ. ಇವೆರಡನ್ನೂ ಮುಟ್ಟದೆ, ಯಾವ ಕ್ಷಣದಲ್ಲಿ ಜೋಕಾಲಿ ಎಲ್ಲಿದೆ ಅನ್ನೋದನ್ನ ಮಾತ್ರ ಬದಲಾಯಿಸಿ 0 ಮತ್ತು 1 ಕಳಿಸೋದು ಪಿಎಸ್‌ಕೆ. ಎರಡೇ ಜಾಗ ಇದ್ದರೆ ಬಿಪಿಎಸ್‌ಕೆ, ಒಂದು ಸಲಕ್ಕೆ 1 ಬಿಟ್. 90 ಡಿಗ್ರಿ ಅಂತರದಲ್ಲಿ ನಾಲ್ಕು ಜಾಗ ಇದ್ದರೆ ಕ್ಯೂಪಿಎಸ್‌ಕೆ, ಒಂದು ಸಲಕ್ಕೆ 2 ಬಿಟ್. ಇದನ್ನ ಗ್ರಾಫ್ ಮೇಲೆ ಹಾಕಿದ್ರೆ ನಾಲ್ಕು ಮೂಲೆಗೆ ನಾಲ್ಕು ಚುಕ್ಕಿ ಗುಂಪು ಕಾಣುತ್ತೆ. ಅದಕ್ಕೆ ಕಾನ್‌ಸ್ಟಲೇಷನ್ ಅಂತಾರೆ, ನಕ್ಷತ್ರಪುಂಜ.

ಮೊದಲ ಸಲ ನಾವು ಮಾಡಿದ್ದು ಬಿಪಿಎಸ್‌ಕೆ. ಟೆಕ್ಸ್ಟ್‌ಬುಕ್‌ನಲ್ಲಿ ಇರೋ ಬ್ಲಾಕ್ ಡಯಾಗ್ರಾಂ ನೋಡಿ ಹಾಗೇ ಡಬ್ಬ ಜೋಡಿಸಿದ್ವಿ. ಬಿಟ್‌ಗಳನ್ನ ಕೊಸೈನ್ ಕ್ಯಾರಿಯರ್‌ನಿಂದ ಗುಣಿಸೋದು, ಸ್ವಲ್ಪ ನಾಯ್ಸ್ ಸೇರಿಸೋದು, ರಿಸೀವರಿನಲ್ಲಿ ಮತ್ತೆ ಅದೇ ಕೊಸೈನ್‌ನಿಂದ ಗುಣಿಸಿ ಲೋ ಪಾಸ್ ಫಿಲ್ಟರ್ ಹಾಕೋದು. ಕಳಿಸಿದ ಬಿಟ್‌ಗಳು ಹಾಗ್ಹಾಗೇ ವಾಪಸ್ ಬಂದವು. ಒಂದೂ ಎರರ್ ಇಲ್ಲ. ಗುಬ್ಬಿ ಹುಡುಗ ಸ್ಕ್ರೀನ್‌ಶಾಟ್ ತೆಗೆದು ಸ್ಟೇಟಸ್‌ಗೆ ಹಾಕಿದ.

ಡೆಮೋ ದಿನ ನಾನೇ ವಿವರಿಸಿದೆ. ಕೋಹೆರೆಂಟ್ ಡಿಟೆಕ್ಷನ್‌ನ ಡೆಫಿನಿಷನ್ ನನಗೆ ಬಾಯಿಪಾಠ. ಇಂಗ್ಲಿಷಿನಲ್ಲಿ ನಿಲ್ಲಿಸದೆ ಹೇಳಿದೆ. ಮೇಡಂ ಪೂರ್ತಿ ಕೇಳಿಸಿಕೊಂಡ್ರು. ಆಮೇಲೆ ಸ್ಕ್ರೀನಿನ ಮೇಲೆ ಒಂದು ವೈರಿನತ್ತ ಬೆರಳು ತೋರಿಸಿ, "ಇದೇನಮ್ಮ?" ಅಂದ್ರು.

ಆ ವೈರ್ ಟ್ರಾನ್ಸ್‌ಮಿಟರಿನ ಕ್ಯಾರಿಯರ್ ಡಬ್ಬದಿಂದ ಹೊರಟು ನೇರ ರಿಸೀವರಿನ ಗುಣಿಸೋ ಡಬ್ಬಕ್ಕೆ ಹೋಗ್ತಿತ್ತು.

"ಲೋಕಲ್ ಕ್ಯಾರಿಯರ್ ಮೇಡಂ."

"ಟ್ರಾನ್ಸ್‌ಮಿಟರ್ ದೆಹಲಿಯಲ್ಲಿದೆ, ರಿಸೀವರ್ ತುಮಕೂರಲ್ಲಿದೆ. ಈ ವೈರ್ ಎಲ್ಲಿಂದ ಎಲ್ಲಿಗೆ ಎಳೀತೀರ?"

ಮೂವರೂ ಸುಮ್ಮನೆ ನಿಂತ್ವಿ. ಮೇಡಂ ಬೈಲಿಲ್ಲ. ಮೌಸ್ ತಗೊಂಡು ಆ ವೈರ್ ಸೆಲೆಕ್ಟ್ ಮಾಡಿ ಡಿಲೀಟ್ ಒತ್ತಿದ್ರು. ರಿಸೀವರ್‌ಗೆ ಬೇರೆ ಕೊಸೈನ್ ಡಬ್ಬ ಹಾಕಿ, ಅದರ ಫ್ರೀಕ್ವೆನ್ಸಿಯನ್ನ ಬರೀ 10 ಹರ್ಟ್ಸ್ ಹೆಚ್ಚು ಮಾಡಿ ರನ್ ಮಾಡಿದ್ರು. ಔಟ್‌ಪುಟ್ ಉಬ್ಬೋದು, ಕುಗ್ಗಿ ಸೊನ್ನೆಯಾಗೋದು, ತಲೆಕೆಳಗಾಗಿ ಮತ್ತೆ ಉಬ್ಬೋದು. ಸೆಕೆಂಡಿಗೆ 10 ಸಲ ಇಡೀ ಸುತ್ತು. ನಮ್ಮ ಬಿಟ್‌ಗಳು ಎಲ್ಲೂ ಕಾಣಲಿಲ್ಲ.

"ಉತ್ತರವನ್ನ ರಿಸೀವರ್ ಜೇಬಿಗೆ ನೀವೇ ಇಟ್ಟು, ಉತ್ತರ ಬಂತು ಅಂತಿದ್ದೀರ. ಎರಡು ವಾರ ಕೊಡ್ತೀನಿ. ಈ ವೈರ್ ಇಲ್ಲದೆ ತನ್ನಿ" ಅಂದ್ರು.

ಹೊರಗೆ ಬಂದ ಮೇಲೆ ಹಾಸನದವಳು, "ಬುಕ್ಕಲ್ಲೂ ಆ ವೈರ್ ಇತ್ತಲ್ಲೇ" ಅಂದ್ಲು. ಇತ್ತು. ಡಯಾಗ್ರಾಂನಲ್ಲಿ ಅದು ಒಂದು ಬಾಣದ ಗುರುತು. ಪರೀಕ್ಷೆಯಲ್ಲಿ ಆ ಬಾಣ ಬರೆದ್ರೆ ಮಾರ್ಕ್ಸ್ ಬರುತ್ತೆ. ಬಾಣದ ಆಚೆ ತುದಿಯಲ್ಲಿ ಏನಿದೆ ಅಂತ ನಾನು ಒಂದು ದಿನವೂ ಕೇಳಿಕೊಂಡಿರಲಿಲ್ಲ.

ಆ ಶನಿವಾರ ಸಂಜೆ ಬಸ್ ಹತ್ತಿ ಊರಿಗೆ ಹೋದೆ. ಇಲ್ಲಿ ನಮ್ಮಪ್ಪನ ವಿಷಯ ಹೇಳಬೇಕು. ಅಪ್ಪ ಕುಣಿಗಲ್ ಸುತ್ತಮುತ್ತ ಮನೆಗಳಿಗೆ ಡಿಶ್ ಕಟ್ತಾರೆ. ಪೋಲು, ಕ್ಲಾಂಪು, ಕೇಬಲ್ಲು, ಎಲ್‌ಎನ್‌ಬಿ, ಸೆಟ್ ಟಾಪ್ ಬಾಕ್ಸು, ಎಲ್ಲಾ ಅವರ ಬೈಕಿನ ಹಿಂದೆ ಒಂದು ಗೋಣಿಚೀಲದಲ್ಲಿ ಇರುತ್ತೆ. ಕಾಲೇಜಿನ ಅಡ್ಮಿಷನ್ ಫಾರಂನಲ್ಲಿ ತಂದೆಯ ಉದ್ಯೋಗ ಅನ್ನೋ ಕಡೆ ನಾನು ಬರೆದಿದ್ದು "ಬಿಸಿನೆಸ್". ಅದು ಸುಳ್ಳು ಅಂತ ಹೇಳೋಕೆ ಬರಲ್ಲ. ಆದ್ರೆ ಹಾಗೆ ಯಾಕೆ ಬರೆದೆ ಅಂತ ನನಗೆ ಗೊತ್ತು.

ಊಟಕ್ಕೆ ಕೂತಾಗ ಅಪ್ಪ, "ಮೀಟ್ರು ಕೈಕೊಟ್ಟೈತೆ ಕಣವ್ವ. ನಾಳೆ ಅಮೃತೂರ್ ಕಡೆ ಒಂದ್ ಮನೆಗೆ ಹೋಗ್ಬೇಕು. ಟೀವಿ ಮುಂದೆ ನಿಂತು ಕೂಗೋಕೆ ಒಬ್ರು ಬೇಕು. ಬರ್ತೀಯಾ, ಇಲ್ಲಾ ಓದೋದೈತಾ?" ಅಂದ್ರು.

ಚಿಕ್ಕವಳಿದ್ದಾಗ ಈ ಕೆಲಸ ನನ್ನದೇ. ಅಪ್ಪ ತಾರಸಿ ಮೇಲೆ, ನಾನು ಟೀವಿ ಮುಂದೆ. ಹೈಸ್ಕೂಲಿಗೆ ಬಂದ ಮೇಲೆ ಬಿಟ್ಟಿದ್ದೆ. ಕ್ಲಾಸಿನವರು ಯಾರಾದ್ರೂ ನೋಡಿದ್ರೆ ಅಂತ. ಆಮೇಲೆ ಕರೆದಾಗೆಲ್ಲ ಪರೀಕ್ಷೆ ಇದೆ ಅಂತಿದ್ದೆ. ಈ ಸಲ ಫೇಲ್ ಆಗಿ ಬಂದಿದ್ದೆನಲ್ಲ, ಆ ನೆಪ ಹೇಳೋಕೆ ಬಾಯಿ ಬರಲಿಲ್ಲ. ಹೋದೆ.

ಒಂದು ಅಜ್ಜಿಯ ಮನೆ. ಗಾಳಿಗೆ ಡಿಶ್ ತಿರುಗಿಹೋಗಿ ಒಂದು ವಾರದಿಂದ ಟೀವಿ ಇಲ್ಲ. ಡಿಡಿ ಫ್ರೀ ಡಿಶ್, ಅಂದ್ರೆ ದೂರದರ್ಶನದವರು 2004ರಲ್ಲಿ ಶುರು ಮಾಡಿದ, ತಿಂಗಳ ದುಡ್ಡು ಕಟ್ಟೋ ಹಂಗಿಲ್ಲದ ಡಿಟಿಎಚ್. "ಚಂದನ ಬಂದ್ರೆ ಸಾಕು ಕಣಪ್ಪ" ಅಂದಿತು ಅಜ್ಜಿ.

ಅಪ್ಪ ಮೇಲೆ ಹತ್ತಿದ್ರು. ನಾನು ಬಾಕ್ಸಿನ ಮೆನುವಿನಲ್ಲಿ ಅಪ್ಪ ಹೇಳಿದ ನಂಬರ್ ಹಾಕಿದೆ. 11090, ವಿ, 29500. ಈ ಮೂರನ್ನ ಅಪ್ಪ ಮಂತ್ರದ ಥರ ಹೇಳ್ತಾರೆ. ಚಿಕ್ಕಂದಿನಲ್ಲಿ ನನಗೂ ಅದು ಬರೀ ಮಂತ್ರ. ಅವತ್ತು ಮೊದಲನೇ ಸಲ ಅದನ್ನ ಓದೋಕೆ ಬಂತು. 11090 ಮೆಗಾಹರ್ಟ್ಸ್ ಡೌನ್‌ಲಿಂಕ್ ಫ್ರೀಕ್ವೆನ್ಸಿ. ವಿ ಅಂದ್ರೆ ವರ್ಟಿಕಲ್ ಪೋಲರೈಸೇಷನ್. 29500 ಅಂದ್ರೆ ಸಿಂಬಲ್ ರೇಟ್, ಸೆಕೆಂಡಿಗೆ 2 ಕೋಟಿ 95 ಲಕ್ಷ ಸಿಂಬಲ್. ಫೋನಿನಲ್ಲಿ ಹುಡುಕಿದೆ. 1990ರ ದಶಕದ ಡಿವಿಬಿ-ಎಸ್ ಸ್ಟ್ಯಾಂಡರ್ಡ್, ಮಾಡ್ಯುಲೇಷನ್ ಕ್ಯೂಪಿಎಸ್‌ಕೆ. ನಮ್ಮ ಸಿಲಬಸ್ಸು ಅಜ್ಜಿ ಮನೆಯ ಟೀವಿ ಸ್ಟ್ಯಾಂಡ್ ಮೇಲೆ ಕೂತಿತ್ತು.

ಮೇಲಿಂದ ಅಪ್ಪ ಕೂಗಿದ್ರು. "ಬಂತೇನವ್ವಾ?"

"ಸ್ಟ್ರೆಂತ್ 80 ಇದೆ! ಕ್ವಾಲಿಟಿ ಸೊನ್ನೆ!"

"ಸ್ಟ್ರೆಂತ್ ಬಿಡು. ಕೇಬಲ್ ಸಿಗಿಸಿದ್ ತಕ್ಷಣ ಅದು ಬರ್ತದೆ. ಗೋಡೆ ಕಡೆ ತಿರುಗ್ಸಿದ್ರೂ ಬರ್ತದೆ. ಕ್ವಾಲಿಟಿ ಹೇಳು!"

ನೀವೂ ಮನೆಯಲ್ಲಿ ಈ ಎರಡು ಪಟ್ಟಿ ನೋಡಿರ್ತೀರ. ಸ್ಟ್ರೆಂತ್ ಅಂದ್ರೆ ಕೇಬಲ್ಲಿನಲ್ಲಿ ಎಷ್ಟು ಪವರ್ ಬರ್ತಿದೆ ಅಂತ ಮಾತ್ರ. ಎಲ್‌ಎನ್‌ಬಿ ತನ್ನದೇ ನಾಯ್ಸ್ ಕಳಿಸಿದ್ರೂ ಅದು ಏರುತ್ತೆ. ಕ್ವಾಲಿಟಿ ಏರಬೇಕು ಅಂದ್ರೆ ಬಾಕ್ಸು ಆ ಗದ್ದಲದ ಒಳಗೆ ಸಿಗ್ನಲ್ಲಿನ ಫ್ರೀಕ್ವೆನ್ಸಿ, ಫೇಸು, ಒಂದೊಂದು ಸಿಂಬಲ್ಲು ಎಲ್ಲಿ ಶುರು ಎಲ್ಲಿ ಮುಗಿಯುತ್ತೆ ಅನ್ನೋ ಟೈಮಿಂಗು, ಇಷ್ಟನ್ನೂ ತಾನೇ ಹಿಡೀಬೇಕು. ಬಾಕ್ಸಿಗೆ ದೆಹಲಿಯಿಂದ ವೈರ್ ಇಲ್ಲ. ಸಿಗ್ನಲ್ ದೆಹಲಿಯಿಂದ ಹೊರಟು, ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ 93.5 ಡಿಗ್ರಿ ಪೂರ್ವದಲ್ಲಿರೋ ಜಿಸ್ಯಾಟ್-15ಕ್ಕೆ ಹೋಗಿ, ಅಲ್ಲಿಂದ ಅಮೃತೂರಿಗೆ ಇಳಿಯುತ್ತೆ. ಆಮೇಲೆ ಎಲ್‌ಎನ್‌ಬಿ ಅದರಲ್ಲಿ 9750 ಮೆಗಾಹರ್ಟ್ಸ್ ಕಳೆದು 1340 ಮಾಡಿ ಕೇಬಲ್ಲಿಗೆ ಬಿಡುತ್ತೆ. ಆ 9750 ಕೂಡ ಕರೆಕ್ಟಾಗಿ 9750 ಇರಲ್ಲ. ಬಿಸಿಲಿಗೆ ಕಾದು ತಣ್ಣಗಾಗಿ, ಮಾಮೂಲಿ ಎಲ್‌ಎನ್‌ಬಿಯಲ್ಲಿ ಅದು ಒಂದು ಮೆಗಾಹರ್ಟ್ಸ್ ತನಕ ಆಚೀಚೆ ಆಗಬಹುದು. ಅಂದ್ರೆ ಆ ನಾಲ್ಕು ಚುಕ್ಕಿ ಸೆಕೆಂಡಿಗೆ 10 ಲಕ್ಷ ಸುತ್ತು ತಿರುಗ್ತಿರಬಹುದು. ಮೇಡಂ ಕೊಟ್ಟ 10 ಹರ್ಟ್ಸಿಗೆ ನಾವು ಕೈಯೆತ್ತಿದ್ವಿ.

ಅಪ್ಪ ಡಿಶ್ಶನ್ನ ಅಗ್ನಿಮೂಲೆ ಕಡೆ ತಿರುಗಿಸ್ತಾ ಇದ್ರು. ನಮ್ಮ ಕಡೆಯಿಂದ ಜಿಸ್ಯಾಟ್-15 ಆಗ್ನೇಯಕ್ಕೆ, ದಿಗಂತದಿಂದ ಸುಮಾರು 65 ಡಿಗ್ರಿ ಮೇಲೆ ಬರುತ್ತೆ. ನಾನು ಆಮೇಲೆ ಇದನ್ನ ಪೇಪರ್ ಮೇಲೆ ಲೆಕ್ಕ ಹಾಕಿದೆ. ಅಪ್ಪ ಲೆಕ್ಕ ಹಾಕಲ್ಲ. ಪಕ್ಕದ ಮನೆ ಡಿಶ್ ನೋಡಿ, ಬಿಸಿಲು ನೋಡಿ ತಿರುಗಿಸಿಬಿಡ್ತಾರೆ.

ಕ್ವಾಲಿಟಿ ಇದ್ದಕ್ಕಿದ್ದಂತೆ 40ಕ್ಕೆ ಹಾರಿತು. "ಬಂತು! ಬಂತು!" ಅಂತ ಕೂಗಿದೆ. ಕೂಗೋಷ್ಟರಲ್ಲಿ ಮತ್ತೆ ಸೊನ್ನೆ. ಅಪ್ಪ ದಾಟಿ ಹೋಗಿದ್ರು. ವಾಪಸ್ ತಿರುಗಿಸಿದ್ರು, ಮತ್ತೆ 40, ಮತ್ತೆ ಕೂಗಿದೆ, ಮತ್ತೆ ಹೋಯ್ತು. ಹೀಗೆ ಮೂರು ಸಲ.

ಅಪ್ಪ ತಾರಸಿ ಅಂಚಿಗೆ ಬಂದು ಬಗ್ಗಿ ಹೇಳಿದ್ರು. "ಅವಸರ ಪಡಬ್ಯಾಡ ಕಣವ್ವ. ಡಬ್ಬ ಹೇಳೋದು ನಿಧಾನ. ನಾನು ಜೋರಾಗಿ ತಿರುಗ್ಸಿದ್ರೆ ಅದು ಹೇಳೋ ಹೊತ್ಗೆ ನಾನು ಇನ್ನೆಲ್ಲೋ ಇರ್ತೀನಿ. ಸೊಲ್ಪ ಅಲ್ಲಾಡ್ಸಿ ನಿಲ್ಲಿಸ್ತೀನಿ. ನೀನು ಎರಡು ಎಣಿಸಿ ಆಮೇಲೆ ಹೇಳು. ಮೊದಲು ದೊಡ್ಡದಾಗಿ ಹುಡುಕೋದು, ಸಿಕ್ಕಿದ ಮೇಲೆ ಚಿಕ್ಕದಾಗಿ."

ಹಾಗೇ ಮಾಡಿದ್ವಿ. 40, 52, 61, 58, ಮತ್ತೆ 61, 67. ಅಪ್ಪ ನಟ್ ಬಿಗಿ ಮಾಡಿದ್ರು. ಚಂದನ ಬಂತು. ಅಜ್ಜಿ ಇಬ್ಬರಿಗೂ ಕಾಫಿ ಕೊಟ್ಟು, "ನಿನ್ ಮಗಳು ಏನ್ ಓದ್ತೈತೆ?" ಅಂತ ಕೇಳಿತು. ಅಪ್ಪ "ಇದನ್ನೇ ಓದ್ತೈತೆ ಅಜ್ಜಿ, ಆದ್ರೆ ದೊಡ್ಡದಾಗಿ" ಅಂದ್ರು.

ಭಾನುವಾರ ರಾತ್ರಿಯೇ ಲ್ಯಾಪ್‌ಟಾಪ್ ತೆಗೆದು ಟೀಮಿಗೆ ಮೆಸೇಜ್ ಹಾಕಿದೆ. ಕ್ಯೂಪಿಎಸ್‌ಕೆ ಮಾಡೋಣ, ಫ್ರೀ ಡಿಶ್ ಬಾಕ್ಸ್ ಒಳಗೆ ಏನು ನಡೆಯುತ್ತೋ ಅದನ್ನೇ ಚಿಕ್ಕದಾಗಿ ಮಾಡೋಣ ಅಂತ. ಹಾಸನದವಳು ತಕ್ಷಣ ಒಪ್ಪಿದ್ಲು. ಅವಳ ಊರಲ್ಲೇ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇರೋದು. 1982ರಿಂದ ಇನ್ಸ್ಯಾಟ್, ಈಗ ಜಿಸ್ಯಾಟ್, ಇವನ್ನ ಜಾಗ ಬಿಟ್ಟು ಅಲ್ಲಾಡದ ಹಾಗೆ ನೋಡಿಕೊಳ್ಳೋರು ಅವರೇ. "ನಮ್ಮೂರಿನವರು ಸ್ಯಾಟಲೈಟ್ ಹಿಡ್ಕೊಂಡಿರ್ತಾರೆ, ನಿಮ್ಮಪ್ಪ ಡಿಶ್ ಹಿಡ್ಕೊಂಡಿರ್ತಾರೆ" ಅಂತ ಬರೆದ್ಲು. ಅವಳಿಗೆ ಅಪ್ಪನ ಕೆಲಸ ಗೊತ್ತು ಅನ್ನೋದೇ ನನಗೆ ಗೊತ್ತಿರಲಿಲ್ಲ.

ಹೊಸ ಫ್ಲೋಗ್ರಾಫ್ ಹೀಗಿತ್ತು. ಫೈಲಿನಿಂದ ಬೈಟ್‌ಗಳು, ಕಾನ್‌ಸ್ಟಲೇಷನ್ ಮಾಡ್ಯುಲೇಟರ್, ಆಮೇಲೆ ಚಾನೆಲ್ ಮಾಡೆಲ್ ಅನ್ನೋ ಡಬ್ಬ. ನಾಯ್ಸು, ಫ್ರೀಕ್ವೆನ್ಸಿ ತಪ್ಪು, ಟೈಮಿಂಗ್ ತಪ್ಪು, ಮೂರನ್ನೂ ಬೇಕಂತಲೇ ಸೇರಿಸೋ ಡಬ್ಬ ಅದು. ಅದರ ಆಚೆ ರಿಸೀವರ್. ನಡುವೆ ಒಂದೇ ವೈರ್, ಸಿಗ್ನಲ್ಲಿನದ್ದು. ರಿಸೀವರಿನಲ್ಲಿ ಮೊದಲು ಸಿಂಬಲ್ ಸಿಂಕ್, ಇದು ಪ್ರತಿ ಸಿಂಬಲ್ಲಿನ ಸರಿಯಾದ ಕ್ಷಣ ಹುಡುಕುತ್ತೆ. ಆಮೇಲೆ ಕಾಸ್ಟಾಸ್ ಲೂಪ್.

ಕಾಸ್ಟಾಸ್ ಲೂಪ್ ನನಗೆ ಈ ಪ್ರಾಜೆಕ್ಟಿನಲ್ಲಿ ತುಂಬಾ ಇಷ್ಟವಾದ ಡಬ್ಬ. ಜನರಲ್ ಎಲೆಕ್ಟ್ರಿಕ್‌ನಲ್ಲಿ ಎಂಜಿನಿಯರ್ ಆಗಿದ್ದ ಜಾನ್ ಕಾಸ್ಟಾಸ್ 1956ರಲ್ಲಿ ಇದರ ಮೂಲ ಐಡಿಯಾ ಪ್ರಕಟಿಸಿದ್ರು. ಇದು ಮಾಡೋದು ಇಷ್ಟೇ. ಬಂದ ಚುಕ್ಕಿ ತನ್ನ ಮೂಲೆಯ ನಡುಗೆರೆಯಿಂದ ಎಷ್ಟು ಸರಿದಿದೆ ಅಂತ ನೋಡುತ್ತೆ. ಬಲಕ್ಕೆ ಸರಿದಿದ್ರೆ ಸ್ವಲ್ಪ ಎಡಕ್ಕೆ ತಿರುಗಿಸುತ್ತೆ, ಎಡಕ್ಕಿದ್ರೆ ಬಲಕ್ಕೆ. ಮುಂದಿನ ಚುಕ್ಕಿಗೆ ಮತ್ತೆ ನೋಡುತ್ತೆ. ಕೆಳಗಿನಿಂದ ಕೂಗೋರು ಒಬ್ರು, ಮೇಲೆ ತಿರುಗಿಸೋರು ಒಬ್ರು.

ಅದರಲ್ಲಿ ಲೂಪ್ ಬ್ಯಾಂಡ್‌ವಿಡ್ತ್ ಅಂತ ಒಂದು ನಂಬರ್ ಕೊಡಬೇಕು. ಟ್ಯುಟೋರಿಯಲ್‌ಗಳಲ್ಲಿ 0.0628 ಇರುತ್ತೆ, ಎರಡು ಪೈಯನ್ನ 100ರಿಂದ ಭಾಗಿಸಿದ್ದು. ಗುಬ್ಬಿ ಹುಡುಗ "ಬೇಗ ಲಾಕ್ ಆಗ್ಲಿ" ಅಂತ 0.3 ಹಾಕಿದ. ಬೇಗ ಲಾಕ್ ಆಯ್ತು, ಆದ್ರೆ ಚುಕ್ಕಿಗಳು ನಡುಗ್ತಾ ನಿಂತವು. ಪ್ರತಿ ನಾಯ್ಸಿಗೂ ಲೂಪು ಹೆದರಿ ಆಚೀಚೆ ಓಡ್ತಿತ್ತು. 0.005 ಹಾಕಿದ್ರೆ ಎಷ್ಟು ಹೊತ್ತಾದ್ರೂ ಹಿಡಿಯಲಿಲ್ಲ, ಚುಕ್ಕಿಗಳು ಬಳೆ ಥರ ಸುತ್ತುತ್ತಲೇ ಇದ್ದವು. ಅವಸರ ಪಡಬ್ಯಾಡ ಕಣವ್ವ ಅನ್ನೋದು ಕಿವಿಯಲ್ಲಿತ್ತು. ಇಳಿಸ್ತಾ ಇಳಿಸ್ತಾ 0.02ಕ್ಕೆ ಬಂದ್ವಿ. ಸ್ಕ್ರೀನಿನ ಮೇಲೆ ಬಳೆ ನಿಧಾನವಾಗಿ ನಿಂತು, ಒಡೆದು, ನಾಲ್ಕು ಚುಕ್ಕಿಯಾಯ್ತು. ರಾತ್ರಿ ಒಂದೂವರೆ. ಹಾಸ್ಟೆಲಿನಲ್ಲಿ ಎಲ್ಲರೂ ಮಲಗಿದ್ರು, ಕೂಗೋ ಹಾಗಿರಲಿಲ್ಲ. "ಬಂತು" ಅಂತ ಗ್ರೂಪಿನಲ್ಲಿ ಟೈಪ್ ಮಾಡಿದೆ.

ಬಂದಿರಲಿಲ್ಲ. ನಾವು ಕಳಿಸಿದ್ದು ಒಂದು ಪದ, "ಕುಣಿಗಲ್". ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ಕುಣಿಗಲ್ ಅಂದ್ರೆ ಕ, ಕೊಂಬು, ಣ, ಗುಡಿಸು, ಗ, ಲ, ಕೊನೆಗೆ ಅರ್ಧಾಕ್ಷರದ ಗುರುತು, ಒಟ್ಟು 7. ಅಂದ್ರೆ 21 ಬೈಟ್, 168 ಬಿಟ್, ಕ್ಯೂಪಿಎಸ್‌ಕೆಯಲ್ಲಿ 84 ಸಿಂಬಲ್. ಫ್ರೀ ಡಿಶ್ ವೇಗದಲ್ಲಿ ಇಷ್ಟು ಸಿಂಬಲ್ ಹೋಗೋಕೆ 3 ಮೈಕ್ರೋಸೆಕೆಂಡೂ ಬೇಡ. ನಮಗೆ ಅದನ್ನ ಓದೋಕೆ ನಾಲ್ಕು ದಿನ ಬೇಕಾಯ್ತು. ಚುಕ್ಕಿಗಳು ನೀಟಾಗಿ ನಿಂತಿವೆ, ಔಟ್‌ಪುಟ್ ಫೈಲಿನಲ್ಲಿ ಮಾತ್ರ ಬರೀ ಕಸ.

ಯಾಕೆ ಅಂದ್ರೆ, ನಾಲ್ಕು ಚುಕ್ಕಿಯ ಚಿತ್ರವನ್ನ 90 ಡಿಗ್ರಿ ತಿರುಗಿಸಿದ್ರೂ ಅದೇ ಚಿತ್ರ. ಕಾಸ್ಟಾಸ್ ಲೂಪಿಗೆ ಚುಕ್ಕಿಗಳು ಮೂಲೆಯಲ್ಲಿ ನಿಂತ್ರೆ ಸಾಕು. ಯಾವ ಮೂಲೆ 00, ಯಾವ ಮೂಲೆ 11 ಅಂತ ಅದಕ್ಕೆ ಗೊತ್ತಾಗೋ ದಾರಿಯೇ ಇಲ್ಲ. ನಾಲ್ಕು ಥರದಲ್ಲಿ ಲಾಕ್ ಆಗಬಹುದು, ಒಂದೇ ಸರಿ. ನಾವು ಮತ್ತೆ ಮತ್ತೆ ರನ್ ಮಾಡಿ, ಬೈಟ್ ಎಲ್ಲಿ ಶುರು ಅಂತ ಕೈಯಲ್ಲೇ ಸರಿಸಿ ಸರಿಸಿ ನೋಡಿದಾಗ, ಒಂದು ಸಲ ಫೈಲಿನಲ್ಲಿ ಬಂತು: ಕುಣಿಗಲ್, ಕುಣಿಗಲ್, ಕುಣಿಗಲ್. ನನ್ನ ಊರಿನ ಹೆಸರನ್ನ ಅಷ್ಟು ಪ್ರೀತಿಯಿಂದ ನಾನು ಯಾವತ್ತೂ ಓದಿರಲಿಲ್ಲ.

ಆಗ ನಾಯ್ಸ್ ಸ್ವಲ್ಪ ಏರಿಸಿದ್ವಿ. ಸಾಲಿನ ನಡುವೆ ಒಂದು ಕಡೆ "ಕುಣಿಗಳ್" ಅಂತ ಬಂತು. ಗುಬ್ಬಿ ಹುಡುಗ, "ಫೈಲ್ ನೀನೇ ಟೈಪ್ ಮಾಡಿದ್ಯಾ? ಸ್ಪೆಲಿಂಗ್ ನೋಡ್ಕೊಳೇ" ಅಂದ. ನಾನೂ ನನ್ನದೇ ತಪ್ಪು ಅಂದ್ಕೊಂಡೆ, ಹೇಳಿದೆನಲ್ಲ ನನ್ನ ಲ-ಳ ಕಥೆ. ಆಮೇಲೆ ನೋಡಿದ್ರೆ ಲ ಅಕ್ಷರದ ಕೊನೆ ಬೈಟು 10110010, ಳ ಅಕ್ಷರದ್ದು 10110011. ಒಂದೇ ಬಿಟ್ ವ್ಯತ್ಯಾಸ. ಕ್ಯೂಪಿಎಸ್‌ಕೆಯಲ್ಲಿ ಗ್ರೇ ಕೋಡ್ ಹಾಕಿರ್ತೀವಿ, ಪಕ್ಕದ ಮೂಲೆಗೆ ಜಾರಿದ್ರೆ ಒಂದೇ ಬಿಟ್ ತಪ್ಪಲಿ ಅಂತ. ಒಂದು ಚುಕ್ಕಿ ಪಕ್ಕದ ಮನೆಗೆ ಹೋಗಿ ಲ ಹೋಗಿ ಳ ಆಗಿತ್ತು. ಶಾಲೆಯಲ್ಲಿ ಕನ್ನಡ ಮಿಸ್ ಹಾಕಿದ ಕೆಂಪು ಗೀಟುಗಳೆಲ್ಲ ನೆನಪಾದವು.

ಮೂಲೆ ಗೊತ್ತಾಗದ ಸಮಸ್ಯೆಗೆ ಹಳೇ ಪರಿಹಾರ ಡಿಫರೆನ್ಷಿಯಲ್ ಎನ್‌ಕೋಡಿಂಗ್. ಚುಕ್ಕಿ ಯಾವ ಮೂಲೆಯಲ್ಲಿದೆ ಅನ್ನೋದನ್ನ ಬಿಟ್ಟು, ಹಿಂದಿನ ಚುಕ್ಕಿಯಿಂದ ಎಷ್ಟು ಮೂಲೆ ಸರಿಯಿತು ಅನ್ನೋದರಲ್ಲಿ ಮಾಹಿತಿ ಇಡೋದು. ಇಡೀ ಚಿತ್ರ ತಿರುಗಿದ್ರೂ ಸರಿದ ಲೆಕ್ಕ ತಪ್ಪಲ್ಲ. ಇದಕ್ಕೂ ಬೆಲೆ ಇದೆ. ಒಂದು ಚುಕ್ಕಿ ತಪ್ಪಿದ್ರೆ ಅದರ ಲೆಕ್ಕವೂ ತಪ್ಪು, ಮುಂದಿನದರ ಲೆಕ್ಕವೂ ತಪ್ಪು. ಈಗ ಎರರ್‌ಗಳು ಜೋಡಿಯಾಗಿ ಬಂದವು. ಕುಣಿಗಳ್ ಬದಲು ಅಕ್ಷರವೇ ಒಡೆದು ಖಾಲಿ ಚೌಕ ಬರ್ತಿತ್ತು. ಪದ ಎಲ್ಲಿ ಶುರು ಅಂತ ತಿಳಿಯೋಕೆ ಮೊದಲಲ್ಲಿ ನಮಗೆ ಗೊತ್ತಿರೋ ಒಂದು ಬಿಟ್ ಸಾಲು ಸೇರಿಸಿದ್ವಿ.

ಎರಡನೇ ಡೆಮೋ. ಮೇಡಂ ಮೊದಲು ವೈರ್‌ಗಳನ್ನ ಎಣಿಸಿದ್ರು. ಆಮೇಲೆ ಫ್ರೀಕ್ವೆನ್ಸಿ ತಪ್ಪಿನ ಸ್ಲೈಡರ್ ಹಿಡಿದು ಎಳೆದ್ರು. ಚುಕ್ಕಿಗಳು ತಿರುಗಿ, ತಡವರಿಸಿ, ಮತ್ತೆ ನಿಂತವು. ಇನ್ನೂ ಎಳೆದ್ರು, ನಿಂತವು. ಇನ್ನೂ ಎಳೆದಾಗ ಬಳೆಯಾಗಿ ಹೋದವು, ವಾಪಸ್ ಬರಲಿಲ್ಲ. ನಾಯ್ಸ್ ಏರಿಸಿದಾಗ ಖಾಲಿ ಚೌಕಗಳು ತುಂಬಿಕೊಂಡವು. "ಇದು ಪ್ರಾಜೆಕ್ಟ್. ಎಲ್ಲಿ ಒಡೆಯುತ್ತೆ ಅಂತ ಗೊತ್ತಾಗ್ತಿದೆಯಲ್ಲ" ಅಂದ್ರು ಮೇಡಂ. ಬ್ಯಾಂಡ್‌ವಿಡ್ತ್ ನಂಬರ್ ನೋಡಿ, "ಟ್ಯುಟೋರಿಯಲ್‌ನಲ್ಲಿ ಇರೋದನ್ನ ಯಾಕೆ ಬದಲಾಯಿಸಿದ್ರಿ?" ಅಂತ ಕೇಳಿದ್ರು. ನಾನು ಇಂಗ್ಲಿಷಿನಲ್ಲಿ ಶುರು ಮಾಡಿ, ಸಿಕ್ಕಿಹಾಕಿಕೊಂಡು, ಕನ್ನಡಕ್ಕೆ ಬಂದೆ. ಲೂಪು ಜೋರಾಗಿ ತಿರುಗಿದ್ರೆ ದಾಟಿಹೋಗುತ್ತೆ ಮೇಡಂ, ನಾಯ್ಸಿಗೆಲ್ಲ ಹೆದರುತ್ತೆ. ಸ್ವಲ್ಪ ತಿರುಗಿಸಿ, ನಿಲ್ಲಿಸಿ, ಕೇಳಬೇಕು ಅಂದೆ.

ಮೇಡಂ ನಕ್ಕರು. "ತುಂಬಾ ಚೆನ್ನಾಗಿ ಹೇಳ್ದೆ. ಯಾರು ಹೇಳಿಕೊಟ್ರು?"

ಲ್ಯಾಬಿನಲ್ಲಿ ಬೇರೆ ಟೀಮಿನವರೂ ಇದ್ರು. ಒಂದು ಕ್ಷಣ ತಡೆದೆ. "ಯೂಟ್ಯೂಬ್ ಮೇಡಂ" ಅಂದೆ.

ಹಾಸನದವಳು ನನ್ನ ಮುಖ ನೋಡಿದ್ಲು. ಏನೂ ಹೇಳಲಿಲ್ಲ.

ಆ ವಾರ ಊರಿಗೆ ಹೋದಾಗ ಅಪ್ಪನಿಗೆ ಲ್ಯಾಪ್‌ಟಾಪಿನಲ್ಲಿ ತೋರಿಸಿದೆ. ಕ್ವಾಲಿಟಿ ಅನ್ನೋ ಪಟ್ಟಿಯ ಒಳಗೆ ಏನಿದೆ ಅಂತ ಮೊದಲಿಂದ ಹೇಳಿದೆ, ಪೂರ್ತಿ ಕನ್ನಡದಲ್ಲಿ. ನಾಯ್ಸ್ ಸ್ಲೈಡರ್ ಏರಿಸಿದಾಗ ಚುಕ್ಕಿಗಳು ಊದಿಕೊಂಡು ಮೋಡದ ಥರ ಆದವು. ಅಪ್ಪ "ಮಳೆ ಬಂತು" ಅಂದ್ರು. ಆಮೇಲೆ ಕೇಳಿದ್ರು. "ಮೊದ್ಲು ಆಂಟೆನಾ ಇದ್ದಾಗ ಮಳೇಲಿ ಚುಕ್ಕಿ ಚುಕ್ಕಿಯಾಗಾದ್ರೂ ಕಾಣೋದು. ಈಗ ಇದ್ದಕ್ಕಿದ್ದಂಗೆ ಪೂರ್ತಿ ಹೋಗ್ತದಲ್ಲ, ಯಾಕೆ?"

ಮೋಡ ತನ್ನ ಕಾಲುಭಾಗದ ಒಳಗೇ ಇರೋ ತನಕ ಬಾಕ್ಸು ಸರಿಯಾಗೇ ಓದುತ್ತೆ, ಅಲ್ಲಲ್ಲಿ ಗೆರೆ ದಾಟಿದ್ದನ್ನ ಎರರ್ ಕರೆಕ್ಷನ್ ತಿದ್ದಿಬಿಡುತ್ತೆ, ಅದಕ್ಕೇ ಚಿತ್ರ ಚೂರೂ ಕೆಡಲ್ಲ. ತಿದ್ದೋಕೆ ಆಗದಷ್ಟು ಚುಕ್ಕಿ ಗೆರೆ ದಾಟಿದ ಮೇಲೆ ಒಂದೇ ಸಲಕ್ಕೆ ಎಲ್ಲಾ ಹೋಗುತ್ತೆ ಅಂತ ಹೇಳಿದೆ. ಅಪ್ಪ ತಲೆ ಆಡಿಸಿ, ಸ್ಕ್ರೀನ್ ನೋಡ್ತಾ ಇನ್ನೊಂದು ಕೇಳಿದ್ರು. "ನಾಲ್ಕೂ ಒಂದೇ ಥರ ಅವಲ್ಲ. ಯಾವುದು ಯಾವುದು ಅಂತ ಡಬ್ಬಕ್ಕೆ ಹೆಂಗೆ ಗೊತ್ತಾಗ್ತದೆ?"

ನಮ್ಮ ನಾಲ್ಕು ದಿನ ತಿಂದ ಪ್ರಶ್ನೆ. ಅಪ್ಪನಿಗೆ ಎರಡು ನಿಮಿಷ ಸಾಕಾಯ್ತು. ಫ್ರೀ ಡಿಶ್ಶಿನ ಡಿವಿಬಿ-ಎಸ್‌ನಲ್ಲಿ ಡಿಫರೆನ್ಷಿಯಲ್ ಕೋಡಿಂಗ್ ಇಲ್ಲ. 188 ಬೈಟಿನ ಪ್ಯಾಕೆಟ್ಟುಗಳು, ಪ್ರತಿಯೊಂದರ ಮೊದಲಲ್ಲೂ ಗೊತ್ತಿರೋ ಒಂದೇ ಬೈಟು, ಹೆಕ್ಸ್‌ನಲ್ಲಿ 47. ಅದು ಸರಿಯಾದ ದೂರದಲ್ಲಿ ಸಿಗೋ ತನಕ ಬಾಕ್ಸು ಚಿತ್ರವನ್ನ ತಿರುಗಿಸಿ ತಿರುಗಿಸಿ ನೋಡುತ್ತೆ ಅಂದೆ. "ನಾನೂ ಅದೇ ಮಾಡೋದು, ಚಂದನ ಬರೋಗಂಟ" ಅಂದ್ರು ಅಪ್ಪ. ಆಮೇಲೆ "ಮೇಡಂ ಏನಂದ್ರು?" ಅಂತ ಕೇಳಿದ್ರು. "ಚೆನ್ನಾಗಿದೆ ಅಂದ್ರು" ಅಂದೆ. ಮಿಕ್ಕಿದ್ದು ಹೇಳಲಿಲ್ಲ.

ನಮ್ಮ ಪ್ರಾಜೆಕ್ಟ್ ರಿಪೋರ್ಟ್ ಇಂಗ್ಲಿಷಿನಲ್ಲಿದೆ. ಅದರ ಕೃತಜ್ಞತೆ ಪುಟದಲ್ಲಿ ಎಲ್ಲರ ರಿಪೋರ್ಟಿನಲ್ಲೂ ಇರೋ ಹಾಗೆ ತಂದೆತಾಯಿಗೆ ಒಂದು ಸಾಲಿದೆ, ಸೀನಿಯರ್‌ಗಳ ರಿಪೋರ್ಟಿನಿಂದ ಕಾಪಿ ಮಾಡಿದ್ದು. ಅಪ್ಪ ಅದನ್ನ ಓದಲ್ಲ. ಇದನ್ನ ಓದ್ತಾರೆ, ಪ್ರಕಟವಾದ ದಿನ ವಾಟ್ಸಾಪಿನಲ್ಲಿ ಲಿಂಕ್ ಕಳಿಸ್ತೀನಿ. ಮೇಡಂ ಕೂಡ ನಮ್ಮ ಕ್ಲಬ್ಬಿನ ಸಂಚಿಕೆ ಬಿಡದೆ ಓದ್ತಾರೆ ಅಂತ ನನಗೆ ಗೊತ್ತು.

ಮೇಡಂ, ಅದು ಯೂಟ್ಯೂಬ್ ಅಲ್ಲ. ನಮ್ಮಪ್ಪ ಹೇಳಿಕೊಟ್ಟಿದ್ದು. ಅವರು ಕುಣಿಗಲ್‌ನಲ್ಲಿ ಡಿಶ್ ಕಟ್ತಾರೆ.